ಮೊದಲು ಕಂಡವರನ್ನು ಮೊದಲು ಶಿಕ್ಷಿಸುವ ಸಭೆಗಳಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಕ್ರೈಸ್ತ ಸಭೆಗಳ ಧರ್ಮಾಧ್ಯಕ್ಷರು, ಪಿತೃಪ್ರಧಾನರು, ಸಿನೋಡ್ (ಸಭೆಯ ಪ್ರತಿನಿಧಿಗಳ ಕೂಟ) ಮತ್ತು ಆಡಳಿತ ಮಂಡಳಿಗಳ ಮುಖ್ಯಸ್ಥರಿಗೆ

ವಿಷಯ: ಹೊಸ ಕಾಲದ ಬಗ್ಗೆ ಸಭೆಗಿಂತ ಮೊದಲು ಮಾತನಾಡಿದ ಸಭೆಯ ಮಕ್ಕಳನ್ನು ನಡೆಸಿಕೊಂಡ ರೀತಿ

ಪೂಜ್ಯರೇ,

ಈ ಪತ್ರ ಬರೆಯುತ್ತಿರುವವನು ಸಭೆಯ ಹೊರಗೆ ನಿಂತು ಕಲ್ಲೆಸೆಯುವವನಲ್ಲ. ದೀಕ್ಷಾಸ್ನಾನ ಪಡೆದು, ಭಾನುವಾರದ ಆರಾಧನೆಗೆ ಹೋಗಿ, ಪ್ರಸಂಗ ಕೇಳಿ, ಕಾಣಿಕೆ ಹಾಕಿ ಬೆಳೆದ ಸಾಮಾನ್ಯ ವಿಶ್ವಾಸಿ. ನನಗೆ ಸಭೆಯಲ್ಲಿ ಹುದ್ದೆಯಿಲ್ಲ, ಸಭೆ ಕೊಟ್ಟ ಮನೆಯಿಲ್ಲ, ಸಭೆಯಿಂದ ಬರುವ ಸಂಬಳವೂ ಇಲ್ಲ. ಇದನ್ನು ಮೊದಲೇ ಹೇಳುವುದಕ್ಕೆ ಕಾರಣವಿದೆ. ಈ ಪತ್ರದಲ್ಲಿರುವುದನ್ನು ನನಗಿಂತ ಚೆನ್ನಾಗಿ ಬಲ್ಲ ಗುರುಗಳು (ಪಾದ್ರಿಗಳು), ಪಾಸ್ಟರ್‌ಗಳು, ಸನ್ಯಾಸಿನಿಯರು, ದೈವಶಾಸ್ತ್ರದ ಅಧ್ಯಾಪಕರು ನಿಮ್ಮ ಸುತ್ತಲೇ ಇದ್ದಾರೆ. ಅವರು ಬರೆಯಲಾರರು. ಏಕೆ ಬರೆಯಲಾರರು ಎಂಬುದೇ ನನ್ನ ದೂರು.

ಸಭೆಗಳು ಆಧುನಿಕ ಜಗತ್ತಿಗೆ ಸ್ಪಂದಿಸುವುದರಲ್ಲಿ ಹಿಂದೆ ಬಿದ್ದಿವೆ ಎಂಬ ಟೀಕೆಯನ್ನು ಕೇಳಿ ಕೇಳಿ ನೀವು ದಣಿದಿರಬೇಕು. ಅದನ್ನು ನಾನು ಮತ್ತೆ ಮಾಡುವುದಿಲ್ಲ. ಎರಡು ಸಾವಿರ ವರ್ಷಗಳ ಸಂಸ್ಥೆ ಬೀಸಿದ ಗಾಳಿಗೆಲ್ಲ ತೂರಿಕೊಳ್ಳಬೇಕಾಗಿಲ್ಲ. ನಿಧಾನವಾಗಿ ಯೋಚಿಸುವುದು ದೋಷವೂ ಅಲ್ಲ. ಗೆಲಿಲಿಯೋನನ್ನೂ ಇಲ್ಲಿಗೆ ಎಳೆದು ತರುವುದಿಲ್ಲ. ಆ ಕತೆ ಎಷ್ಟು ಹಳೆಯದಾಗಿದೆಯೆಂದರೆ ಅದು ಈಗ ಯಾರಿಗೂ ನೋಯುವುದಿಲ್ಲ. ನಾನು ಕೇಳುತ್ತಿರುವುದು ಇಷ್ಟು: ನೀವು ಕೊನೆಗೆ ಹೋಗಿ ತಲುಪಿದ ಜಾಗದಲ್ಲಿ ನಿಮ್ಮದೇ ಮಗನೋ ಮಗಳೋ ಬಹಳ ಮೊದಲೇ ಹೋಗಿ ನಿಂತಿದ್ದರು. ನೀವು ಅಲ್ಲಿಗೆ ತಲುಪುವ ತನಕ ಅವರನ್ನು ಏನು ಮಾಡಿದಿರಿ?

ಧಾರ್ಮಿಕ ಸ್ವಾತಂತ್ರ್ಯದಿಂದ ಆರಂಭಿಸುತ್ತೇನೆ. ಎಲ್ಲರಿಗೂ ಆತ್ಮಸಾಕ್ಷಿಯ ಸ್ವಾತಂತ್ರ್ಯ ಇರಬೇಕೆಂಬ ವಾದವನ್ನು 1832ರಲ್ಲಿ ಪೋಪ್ ಹದಿನಾರನೆಯ ಗ್ರೆಗೊರಿಯವರು ಹುಚ್ಚು ಎಂದು ಕರೆದರು. 1864ರಲ್ಲಿ ಒಂಬತ್ತನೆಯ ಪಿಯುಸ್ ಅವರು ಎಂಬತ್ತು ದೋಷಗಳ ಪಟ್ಟಿಯನ್ನೇ ಹೊರಡಿಸಿದರು. ಪೋಪರು ಪ್ರಗತಿ, ಉದಾರವಾದ ಮತ್ತು ಆಧುನಿಕ ನಾಗರಿಕತೆಯೊಂದಿಗೆ ರಾಜಿಯಾಗಬಹುದು, ಆಗಬೇಕು ಎಂಬ ಅಭಿಪ್ರಾಯ ಆ ಪಟ್ಟಿಯ ಎಂಬತ್ತನೆಯ ದೋಷ. ಆ ಕಾಲದ ಭಯ ನನಗೆ ಅರ್ಥವಾಗುತ್ತದೆ. ಫ್ರಾನ್ಸಿನ ಕ್ರಾಂತಿಯಲ್ಲಿ ಗುರುಗಳ ತಲೆಗಳು ಉರುಳಿದ್ದವು, ಇಟಲಿಯಲ್ಲಿ ಪೋಪರ ರಾಜ್ಯ ಕೈತಪ್ಪುತ್ತಿತ್ತು. ಆದರೆ 1950ರ ದಶಕದಲ್ಲಿ ಆ ಭಯಕ್ಕೆ ಯಾವ ಕಾರಣ ಉಳಿದಿತ್ತು? ಧರ್ಮದ ವಿಷಯದಲ್ಲಿ ಸರ್ಕಾರ ಯಾರನ್ನೂ ಬಲವಂತಪಡಿಸಕೂಡದು ಎಂದು ಯೇಸುಸಭೆ ಎಂಬ ಕಥೋಲಿಕ ಸನ್ಯಾಸಿ ಸಂಘದ ಅಮೆರಿಕನ್ ಗುರು ಜಾನ್ ಕೋರ್ಟ್ನಿ ಮರ್ರಿ ಕಥೋಲಿಕ ಪರಂಪರೆಯ ಒಳಗಿನಿಂದಲೇ ವಾದಿಸುತ್ತಿದ್ದರು. ಆ ದಶಕದ ನಡುವಿನಲ್ಲಿ, ಆ ವಿಷಯದ ಮೇಲೆ ಬರೆಯುವುದನ್ನು ನಿಲ್ಲಿಸುವಂತೆ ಅವರಿಗೆ ಸೂಚನೆ ಬಂತು. ನಿಲ್ಲಿಸಿದರು. 1962ರಲ್ಲಿ ಜಗತ್ತಿನ ಕಥೋಲಿಕ ಬಿಷಪ್ಪರೆಲ್ಲರ ಎರಡನೆಯ ವ್ಯಾಟಿಕನ್ ಮಹಾಸಭೆ ಸೇರಿದಾಗ ಮೊದಲ ಅಧಿವೇಶನಕ್ಕೆ ಅವರಿಗೆ ಕರೆಯೂ ಬರಲಿಲ್ಲ. ಮರುವರ್ಷ ತಜ್ಞರಾಗಿ ಹೋದರು. 1965ರ ಡಿಸೆಂಬರ್ 7ರಂದು ಧಾರ್ಮಿಕ ಸ್ವಾತಂತ್ರ್ಯದ ಘೋಷಣೆಗೆ 2,308 ಮತಗಳು ಪರವಾಗಿ, 70 ಮತಗಳು ವಿರೋಧವಾಗಿ ಬಿದ್ದವು. ಅದರ ಕರಡಿನ ಹಿಂದೆ ದುಡಿದವರಲ್ಲಿ ಮರ್ರಿ ಪ್ರಮುಖರು. ಹತ್ತು ವರ್ಷ ಹಿಂದೆ ಬರೆಯಬಾರದಾಗಿದ್ದದ್ದು ಅಂದಿನಿಂದ ಸಭೆಯ ಬೋಧನೆಯಾಯಿತು. ನಡುವಿನ ಹತ್ತು ವರ್ಷಗಳಿಗೆ ಯಾರೂ ಲೆಕ್ಕ ಕೊಡಲಿಲ್ಲ.

ಇವ್ ಕೊಂಗಾರ್ ಅವರ ಕತೆ ಇದಕ್ಕಿಂತ ಕಹಿ. ಡೊಮಿನಿಕನ್ ಎಂಬ ಸನ್ಯಾಸಿ ಸಂಘದ ಗುರು. ಸಭೆಯ ಸುಧಾರಣೆ, ಕ್ರೈಸ್ತರ ಐಕ್ಯ, ಶ್ರೀಸಾಮಾನ್ಯ ವಿಶ್ವಾಸಿಗಳ ಪಾತ್ರ ಇವುಗಳ ಬಗ್ಗೆ ಬರೆದವರು. ಎರಡನೆಯ ಮಹಾಯುದ್ಧದಲ್ಲಿ ಜರ್ಮನ್ನರ ಸೆರೆಯಲ್ಲಿ ವರ್ಷಗಟ್ಟಲೆ ಕಳೆದು ಬದುಕಿ ಬಂದವರು. 1954ರಲ್ಲಿ ಅವರನ್ನು ಬೋಧನೆಯಿಂದ ತೆಗೆದು ಜೆರುಸಲೇಮಿಗೆ, ಬಳಿಕ ಕೇಂಬ್ರಿಜ್‌ಗೆ ಕಳುಹಿಸಲಾಯಿತು. ಮಾಡಿದ ತಪ್ಪೇನೆಂದು ಸ್ಪಷ್ಟವಾಗಿ ಹೇಳಿದವರಿಲ್ಲ. 1956ರಲ್ಲಿ ತಾಯಿಗೆ ಬರೆದ ಪತ್ರದಲ್ಲಿ, ತನ್ನನ್ನು ಅವರು ಹೆಚ್ಚುಕಡಿಮೆ ನಾಶವೇ ಮಾಡಿದ್ದಾರೆ ಎಂದು ಅವರು ಹೇಳಿಕೊಂಡರು. ವೈರಿ ಸೈನ್ಯದ ಸೆರೆಯನ್ನು ಸಹಿಸಿಕೊಂಡ ಮನುಷ್ಯ ಆ ಮಾತನ್ನು ತನ್ನ ಸಭೆಯ ಕಚೇರಿಗಳ ಬಗ್ಗೆ ಆಡಬೇಕಾಯಿತು. ನಾಲ್ಕೇ ವರ್ಷಗಳ ನಂತರ ಅದೇ ಸಭೆ ಮಹಾಸಭೆಯ ಸಿದ್ಧತೆಗೆ ಅವರನ್ನು ಸಲಹೆಗಾರರಾಗಿ ಕರೆಯಿತು. 1994ರಲ್ಲಿ, ತೊಂಬತ್ತರ ವಯಸ್ಸಿನಲ್ಲಿ, ಪೋಪರ ನಂತರದ ಉನ್ನತ ಸ್ಥಾನವಾದ ಕಾರ್ಡಿನಲ್ ಪದವಿ ಬಂತು, ಮರುವರ್ಷ ತೀರಿಕೊಂಡರು. 1950ರಲ್ಲಿ ಬೋಧನೆಯಿಂದ ದೂರ ಸರಿಸಲ್ಪಟ್ಟಿದ್ದ ಫ್ರಾನ್ಸಿನ ದೈವಶಾಸ್ತ್ರಜ್ಞ ಆನ್ರಿ ದ ಲ್ಯುಬಾಕ್ ಅವರಿಗೂ 1983ರಲ್ಲಿ ಅದೇ ಗೌರವ ಸಂದಿತು. ಪದವಿ ಕೊಡುವ ದಿನ ಹಿಂದಿನ ಆಜ್ಞೆಗಳ ಕಡತವನ್ನೂ ಗಟ್ಟಿಯಾಗಿ ಓದಿದ್ದರೆ ಆ ಗೌರವ ಪೂರ್ತಿಯಾಗುತ್ತಿತ್ತು ಎಂದು ನನಗೆ ಅನ್ನಿಸುತ್ತದೆ.

ಹೀಗೆ ನಡೆಸಿಕೊಳ್ಳುವುದು ತಪ್ಪೆಂದು ಆಗಲೇ ಸಭೆಯ ಒಳಗೆ ಎದ್ದು ನಿಂತು ಹೇಳಿದವರೂ ಇದ್ದರು, ಅದು ನನಗೆ ಸಮಾಧಾನದ ಸಂಗತಿ. 1963ರ ನವೆಂಬರ್ 8ರಂದು ಕಲೋನಿನ ಕಾರ್ಡಿನಲ್ ಫ್ರಿಂಗ್ಸ್, ದೈವಶಾಸ್ತ್ರಜ್ಞರನ್ನು ವಿಚಾರಣೆಗೆ ಒಳಪಡಿಸುವ ಹೋಲಿ ಆಫೀಸ್ ಎಂಬ ವ್ಯಾಟಿಕನ್ ಕಚೇರಿಯ ಪದ್ಧತಿ ಈ ಕಾಲಕ್ಕೆ ಸಲ್ಲದು, ಅದು ಜಗತ್ತಿನೆದುರು ಸಭೆಗೆ ಅಪವಾದ ತರುತ್ತಿದೆ ಎಂದು ಮಹಾಸಭೆಯಲ್ಲೇ ಹೇಳಿದರು. ಆರೋಪಿಯ ಮಾತು ಕೇಳದೆ ಯಾರನ್ನೂ ಖಂಡಿಸಬಾರದು ಎಂಬುದು ಅವರ ಆಗ್ರಹವಾಗಿತ್ತು. 1965ರಲ್ಲಿ ಪೋಪ್ ಆರನೆಯ ಪೌಲರು ಆ ಕಚೇರಿಯ ಹೆಸರನ್ನು ಬದಲಿಸಿ, ಲೇಖಕರಿಗೆ ತಮ್ಮ ಸಮರ್ಥನೆ ಹೇಳಿಕೊಳ್ಳುವ ಅವಕಾಶವನ್ನೂ ಕೊಟ್ಟರು. ಲೌಕಿಕ ನ್ಯಾಯಾಲಯದಲ್ಲಿ ಕಳ್ಳನಿಗೂ ಇದ್ದ ಅವಕಾಶ ಅದು.

ಅದಕ್ಕೂ ಹಿಂದಿನವರಿಗೆ ಆ ಅವಕಾಶವೂ ಇರಲಿಲ್ಲ. 1907ರಲ್ಲಿ ಹತ್ತನೆಯ ಪಿಯುಸ್ ಅವರು ‘ಆಧುನಿಕವಾದ’ವನ್ನು, ಎಂದರೆ ಹೊಸ ಕಾಲದ ವಿದ್ಯೆಯ ಬೆಳಕಿನಲ್ಲಿ ನಂಬಿಕೆಯನ್ನು ಮರುವ್ಯಾಖ್ಯಾನಿಸುವ ಒಲವನ್ನು, ಖಂಡಿಸಿದಾಗ ಅದನ್ನು ಬಹಿರಂಗವಾಗಿ ಟೀಕಿಸಿದ ಗುರು ಜಾರ್ಜ್ ಟಿರೆಲ್ ಅವರಿಗೆ ಪ್ರಭುಭೋಜನದಂಥ ಸಂಸ್ಕಾರಗಳನ್ನು ನಿರಾಕರಿಸಲಾಯಿತು. 1909ರಲ್ಲಿ ಸತ್ತಾಗ ಕಥೋಲಿಕ ವಿಧಿಯ ಸಮಾಧಿಯೂ ಸಿಗಲಿಲ್ಲ. ಆಂಗ್ಲಿಕನ್ (ಇಂಗ್ಲೆಂಡಿನ ಸಭೆಯ) ಸಮಾಧಿಭೂಮಿಯಲ್ಲಿ ಹೂಳಿದರು. ಗುಂಡಿಯ ಬಳಿ ಪ್ರಾರ್ಥನೆ ಹೇಳಿ ಶಿಲುಬೆಯ ಗುರುತು ಮಾಡಿದ ಸ್ನೇಹಿತ, ಗುರು ಆನ್ರಿ ಬ್ರೆಮೋನ್, ಆ ಒಂದು ಕಾರ್ಯಕ್ಕಾಗಿ ಅಮಾನತಾದರು. ಸತ್ತವನ ಮೇಲಿನ ಕೋಪ ಬದುಕಿರುವವನ ಮೇಲೆ ತೀರಿತು. 1910ರಿಂದ 1967ರವರೆಗೆ ಗುರುಪಟ್ಟಕ್ಕೆ ಬರುವವರೆಲ್ಲ ಆಧುನಿಕವಾದದ ವಿರುದ್ಧ ಪ್ರಮಾಣ ಮಾಡಬೇಕಿತ್ತು. ವಿಕಾಸವಾದವನ್ನು ಕ್ರೈಸ್ತ ನಂಬಿಕೆಯೊಂದಿಗೆ ಹೊಂದಿಸಿ ನೋಡಲು ಹೊರಟ ಯೇಸುಸಭೆಯ ಗುರು ಪಿಯರ್ ತೆಯಾರ್ ದ ಶಾರ್ದೆನ್, ತಮ್ಮ ಮುಖ್ಯ ಬರಹಗಳು ಅಚ್ಚಾಗುವುದನ್ನು ನೋಡದೆ 1955ರ ಈಸ್ಟರ್ ಭಾನುವಾರದಂದು ನ್ಯೂಯಾರ್ಕ್‌ನಲ್ಲಿ ತೀರಿಕೊಂಡರು. 1962ರಲ್ಲಿ ಅವರ ಬರಹಗಳ ಬಗ್ಗೆ ಅಧಿಕೃತ ಎಚ್ಚರಿಕೆ ಹೊರಬಿತ್ತು. 2015ರಲ್ಲಿ ಪೋಪ್ ಫ್ರಾನ್ಸಿಸ್ ಪರಿಸರದ ಕುರಿತು ಬರೆದ ಪ್ರಸಿದ್ಧ ಪರಿಪತ್ರದಲ್ಲಿ ತೆಯಾರ್ ಅವರಿಗೆ ಜಾಗ ಸಿಕ್ಕಿತು, ಅಡಿಟಿಪ್ಪಣಿಯಲ್ಲಿ. ಆ ಹಳೆಯ ಎಚ್ಚರಿಕೆಯನ್ನು ತೆಗೆದುಹಾಕಿರೆಂದು 2017ರಲ್ಲಿ ವ್ಯಾಟಿಕನ್ನಿನದೇ ಸಂಸ್ಕೃತಿ ಮಂಡಳಿಯ ಸಮಾವೇಶ ಪೋಪರಲ್ಲಿ ವಿನಂತಿಸಬೇಕಾಯಿತು.

ಇಷ್ಟು ಓದಿ ಪ್ರೊಟೆಸ್ಟೆಂಟ್ ಸಭೆಗಳ ಹಿರಿಯರು ನಸುನಗುತ್ತಿದ್ದರೆ ದಯವಿಟ್ಟು ತಡೆಯಿರಿ. ಗುಲಾಮರನ್ನು ಇಟ್ಟುಕೊಳ್ಳುವುದು ಪಾಪ ಎಂದು ಫಿಲಡೆಲ್ಫಿಯಾದ ಸುತ್ತ ಕೂಗಿ ಹೇಳುತ್ತಿದ್ದ ಬೆಂಜಮಿನ್ ಲೇ ಎಂಬ ಕುಳ್ಳ, ಗೂನುಬೆನ್ನಿನ ಮನುಷ್ಯನನ್ನು ಆತನದೇ ಪಂಥವಾದ ಕ್ವೇಕರರು 1738ರಲ್ಲಿ ತಮ್ಮವನಲ್ಲ ಎಂದು ಹೊರಹಾಕಿದರು. ಅವರ ವರಸೆಯೂ ಸೌಮ್ಯವಾಗಿರಲಿಲ್ಲ, ಒಪ್ಪುತ್ತೇನೆ: ತುಂಬಿದ ಕೂಟದಲ್ಲಿ ಕೆಂಪು ಹಣ್ಣಿನ ರಸವನ್ನು ರಕ್ತದಂತೆ ಚಿಮ್ಮಿಸಿ ಗುಲಾಮರ ಒಡೆಯರ ಮೇಲೆ ಎರಚಿದ ಮನುಷ್ಯ. ಇಪ್ಪತ್ತು ವರ್ಷ ಕಳೆದು, 1758ರಲ್ಲಿ, ಗುಲಾಮರ ಕೊಳ್ಳುವಿಕೆ ಮಾರಾಟದಲ್ಲಿ ತೊಡಗಿದವರ ಮೇಲೆ ಶಿಸ್ತುಕ್ರಮ ಕೈಗೊಳ್ಳಲು ಅದೇ ಕ್ವೇಕರರು ತೀರ್ಮಾನಿಸಿದರು. ಮರುವರ್ಷ ಲೇ ಸತ್ತರು, ಆಗಲೂ ಹೊರಗಿನವರಾಗಿಯೇ. ಕ್ವೇಕರರಂತೂ ಈ ವಿಷಯದಲ್ಲಿ ಎಲ್ಲರಿಗಿಂತ ಮುಂದಿದ್ದವರು. ಗುಲಾಮಗಿರಿಯ ಪರವಾಗಿಯೇ 1845ರಲ್ಲಿ ಬೇರೆಯಾಗಿ ನಿಂತ ಅಮೆರಿಕದ ದಕ್ಷಿಣದ ಬ್ಯಾಪ್ಟಿಸ್ಟರು ಕ್ಷಮೆ ಕೇಳಿದ್ದು 1995ರಲ್ಲಿ. ನೂರೈವತ್ತು ವರ್ಷಗಳ ನಂತರದ ಕ್ಷಮೆಯನ್ನು ಸ್ವೀಕರಿಸಲು ಗುಲಾಮರಾಗಿದ್ದವರಲ್ಲಿ ಒಬ್ಬರೂ ಉಳಿದಿರಲಿಲ್ಲ.

ದಕ್ಷಿಣ ಆಫ್ರಿಕದ ಡಚ್ ರಿಫಾರ್ಮ್ಡ್ ಸಭೆ 1857ರಲ್ಲಿ, ಕೆಲವರ ದೌರ್ಬಲ್ಯದ ಕಾರಣ ಬಿಳಿಯರೂ ಕರಿಯರೂ ಬೇರೆ ಬೇರೆಯಾಗಿ ಆರಾಧಿಸಬಹುದು ಎಂದು ಅನುಮತಿ ಕೊಟ್ಟಿತು. ಆ ದೌರ್ಬಲ್ಯ ಮುಂದೆ ದೇಶದ ಕಾನೂನಾಯಿತು, ಅದಕ್ಕೆ ಬೈಬಲಿನ ಆಧಾರವೂ ಒದಗಿತು. ಆ ಸಭೆಯ ಗಣ್ಯ ಗುರುವಾಗಿದ್ದ ಬೇಯರ್ಸ್ ನೋಡೆ 1963ರಲ್ಲಿ ವರ್ಣಭೇದ ನೀತಿಗೆ ಧರ್ಮದ ಸಮರ್ಥನೆ ಇಲ್ಲವೆಂದು ನಿಂತಾಗ ಗುರುಸ್ಥಾನ ಹೋಯಿತು, ಬಂಧುಬಳಗ ದೂರವಾಯಿತು. 1977ರಿಂದ ಏಳು ವರ್ಷ ಸರ್ಕಾರ ಅವರ ಬಾಯಿ ಕಟ್ಟಿತು. 1994ರಲ್ಲಿ, ವರ್ಣಭೇದ ಸರ್ಕಾರ ಬಿದ್ದುಹೋದ ಮೇಲೆ, ಸಭೆ ಅವರ ಕ್ಷಮೆ ಕೇಳಿತು. ಒಬ್ಬ ಮನುಷ್ಯ ಬದುಕಿರುವಾಗಲೇ ಎದುರಿಗೆ ಕೂರಿಸಿಕೊಂಡು ಕೇಳಿದ ಕ್ಷಮೆಯಾದ್ದರಿಂದ ಅದನ್ನು ನಾನು ದೊಡ್ಡದೆಂದೇ ಎಣಿಸುತ್ತೇನೆ.

ಫ್ಲಾರೆನ್ಸ್ ಲೀ ಟಿಮ್-ಓಯ್ ಅವರಿಗೆ ಆ ಭಾಗ್ಯವೂ ಇರಲಿಲ್ಲ. ಯುದ್ಧದ ಕಾಲದಲ್ಲಿ ಮಕಾವ್‌ನ ಆಂಗ್ಲಿಕನ್ನರಿಗೆ ಪ್ರಭುಭೋಜನ ನೀಡಲು ಗುರುಗಳೇ ಸಿಗದಿದ್ದಾಗ, ಅಲ್ಲಿ ಸೇವೆ ಮಾಡುತ್ತಿದ್ದ ಈ ಮಹಿಳೆಗೆ ಬಿಷಪ್ ರೊನಾಲ್ಡ್ ಹಾಲ್ 1944ರ ಜನವರಿ 25ರಂದು ಗುರುಪಟ್ಟ ಕೊಟ್ಟರು. ಯುದ್ಧ ಮುಗಿಯಿತು, ವಿವಾದ ಎದ್ದಿತು. ಬಿಷಪ್ ಅವರಿಗೆ ತೊಂದರೆಯಾಗಬಾರದೆಂದು 1946ರಲ್ಲಿ ಲೀ ತಾವಾಗಿಯೇ ಗುರುವಿನ ಕೆಲಸದ ಪರವಾನಗಿಯನ್ನು ಬಿಟ್ಟುಕೊಟ್ಟರು. ಚೀನಾದಲ್ಲಿ ಚರ್ಚುಗಳು ಮುಚ್ಚಿದ ವರ್ಷಗಳಲ್ಲಿ ಹೊಲದಲ್ಲಿ, ಕಾರ್ಖಾನೆಯಲ್ಲಿ ದುಡಿದರು. 1971ರಲ್ಲಿ ಹಾಂಗ್‌ಕಾಂಗ್ ಮತ್ತೆ ಮಹಿಳೆಯರಿಗೆ ಗುರುಪಟ್ಟ ಕೊಟ್ಟಿತು. ಇಂಗ್ಲೆಂಡಿನ ಸಭೆ ಅದೇ ತೀರ್ಮಾನಕ್ಕೆ ಬಂದದ್ದು 1992ರ ನವೆಂಬರ್‌ನಲ್ಲಿ. ಲೀ ಆ ವರ್ಷದ ಫೆಬ್ರವರಿಯಲ್ಲೇ ತೀರಿಕೊಂಡಿದ್ದರು. 2025ರಲ್ಲಿ ಇಂಗ್ಲೆಂಡಿನ ಸಭೆಯಲ್ಲಿ ಅತ್ಯುನ್ನತವಾದ ಕ್ಯಾಂಟರ್ಬರಿಯ ಮಹಾಧರ್ಮಾಧ್ಯಕ್ಷ ಸ್ಥಾನಕ್ಕೇ ಒಬ್ಬ ಮಹಿಳೆಯ ಹೆಸರು ಘೋಷಣೆಯಾಯಿತು. ಹೊಗಳಿಕೆಯ ಮಾತುಗಳು ಹೇರಳವಾಗಿ ಹರಿದವು. ಪರವಾನಗಿ ಬಿಟ್ಟುಕೊಡುವ ಸ್ಥಿತಿಗೆ ಆ ಹೆಣ್ಣುಮಗಳನ್ನು ತಂದವರ ಬಗ್ಗೆ ಮಾತು ಕಡಿಮೆ.

ಆರ್ಥಡಾಕ್ಸ್ ಸಭೆಗಳಿಂದ ಒಂದೇ ಉದಾಹರಣೆ ಸಾಕು. 1965ರಲ್ಲಿ ಮಾಸ್ಕೋದ ಇಬ್ಬರು ಗುರುಗಳು, ಗ್ಲೆಬ್ ಯಾಕುನಿನ್ ಮತ್ತು ನಿಕೊಲಾಯ್ ಎಶ್ಲಿಮನ್, ಸೋವಿಯತ್ ಸರ್ಕಾರದ ಹಿಡಿತಕ್ಕೆ ಸಭೆ ತಲೆಬಾಗುತ್ತಿದೆ ಎಂದು ತಮ್ಮ ಸಭೆಯ ಮುಖ್ಯಸ್ಥರಾದ ಪಿತೃಪ್ರಧಾನರಿಗೆ ಬಹಿರಂಗ ಪತ್ರ ಬರೆದರು. ಮರುವರ್ಷ ಅಮಾನತಾದರು. ಆಜ್ಞೆ ಹೊರಡಿಸಿದ್ದು ಸರ್ಕಾರವಲ್ಲ, ಪಿತೃಪ್ರಧಾನರೇ.

ಇಲ್ಲಿ ನೀವು ಒಂದು ಆಕ್ಷೇಪ ಎತ್ತಬಹುದು: ಹೊಸದೆಲ್ಲ ಸರಿಯಲ್ಲ, ಸಭೆ ಅಡ್ಡ ನಿಂತದ್ದರಿಂದಲೇ ಕೆಲವು ಅನಾಹುತಗಳು ತಪ್ಪಿವೆ. ನಿಜ. ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ‘ಉತ್ತಮ ತಳಿಯ ಮನುಷ್ಯರು’ ಎಂಬ ಹೆಸರಿನಲ್ಲಿ ಬಡವರಿಗೂ ಬುದ್ಧಿಮಾಂದ್ಯರಿಗೂ ಬಲವಂತದ ಸಂತಾನಹರಣ ಶಸ್ತ್ರಚಿಕಿತ್ಸೆ ನಡೆಯುತ್ತಿದ್ದಾಗ, ಅದನ್ನು ಪ್ರಗತಿಯೆಂದು ಕೊಂಡಾಡಿದವರಲ್ಲಿ ಬಹಳ ವಿದ್ಯಾವಂತರಿದ್ದರು. 1930ರಲ್ಲಿ ಪೋಪ್ ಹನ್ನೊಂದನೆಯ ಪಿಯುಸ್ ಅದನ್ನು ಖಂಡಿಸಿದರು. ರೋಗಿಗಳನ್ನೂ ಅಂಗವಿಕಲರನ್ನೂ ನಾಜಿಗಳು ಕೊಲ್ಲುತ್ತಿರುವುದನ್ನು 1941ರ ಆಗಸ್ಟ್‌ನಲ್ಲಿ ಮ್ಯೂನ್‌ಸ್ಟರಿನ ಬಿಷಪ್ ಫಾನ್ ಗಾಲೆನ್ ಪ್ರಸಂಗಪೀಠದಿಂದಲೇ ಬಯಲಿಗೆಳೆದರು. ಕಾಲಕ್ಕೆ ಎದುರಾಗಿ ನಿಂತ ಸಭೆಯ ಬಗ್ಗೆ ನನಗೆ ಅಭಿಮಾನವಿದೆ. ಆದರೆ ಅಂಥ ಹೊತ್ತಿನಲ್ಲೂ, ಎಲ್ಲರಿಗಿಂತ ಮೊದಲು ಎದ್ದು ನಿಂತವನಿಗೆ ಏನಾಯಿತು ನೋಡಿ. ಆಸ್ಟ್ರಿಯದ ರೈತ ಫ್ರಾನ್ಸ್ ಯೇಗರ್‌ಶ್ಟೆಟರ್ ಹಿಟ್ಲರನ ಯುದ್ಧದಲ್ಲಿ ಹೋರಾಡುವುದು ಪಾಪವೆಂದು ನಂಬಿ ತನ್ನ ಬಿಷಪ್ಪರನ್ನು ಕಂಡು ಸಲಹೆ ಕೇಳಿದರು. ಹೆಂಡತಿ ಮಕ್ಕಳನ್ನು ನೋಡಿಕೋ, ಕರ್ತವ್ಯ ಮಾಡು ಎಂಬಂಥ ಉತ್ತರ ಸಿಕ್ಕಿತು. 1943ರ ಆಗಸ್ಟ್ 9ರಂದು ಅವರ ತಲೆ ಕಡಿದರು. 2007ರಲ್ಲಿ ಅದೇ ಧರ್ಮಪ್ರಾಂತದ ಪ್ರಧಾನ ದೇವಾಲಯದಲ್ಲಿ ಅವರನ್ನು ಪುನೀತರೆಂದು (ಸಂತ ಪದವಿಯ ಹಿಂದಿನ ಮೆಟ್ಟಿಲು) ಸಾರಲಾಯಿತು. ಇಲ್ಲಿ ಉದಾರವಾದಿ, ಸಂಪ್ರದಾಯವಾದಿ ಎಂಬ ಗುಂಪುಗಳ ಜಗಳವೇ ಇಲ್ಲ. ಹಳೆಯ ನಂಬಿಕೆಗೆ ಅಂಟಿಕೊಂಡು ನಿಂತವನಿಗೂ, ಹೊಸ ಮಾತು ಆಡಿದವನಿಗೂ ಸಭೆ ಒಂದೇ ಉತ್ತರ ಕೊಟ್ಟಿದೆ: ಸುಮ್ಮನಿರು.

ಸುಮ್ಮನಿರಿಸುವ ಈ ಚಾಳಿಗೆ ಬೆಲೆ ತೆತ್ತವರಲ್ಲಿ ಮಕ್ಕಳೂ ಇದ್ದಾರೆ. ಅಮೆರಿಕದ ಗುರು, ಧರ್ಮಸಭಾ ಕಾನೂನಿನ ತಜ್ಞ ಥಾಮಸ್ ಡೊಯ್ಲ್ 1985ರಲ್ಲೇ ಇನ್ನಿಬ್ಬರೊಂದಿಗೆ ಸೇರಿ, ಗುರುಗಳು ಮಕ್ಕಳ ಮೇಲೆ ನಡೆಸುತ್ತಿರುವ ಲೈಂಗಿಕ ದೌರ್ಜನ್ಯದ ಬಗ್ಗೆ ಅಲ್ಲಿನ ಬಿಷಪ್ಪರಿಗೆ ವರದಿ ಬರೆದು ಎಚ್ಚರಿಸಿದರು. ವರದಿ ಮೂಲೆ ಸೇರಿತು, ಡೊಯ್ಲ್ ಅವರು ವ್ಯಾಟಿಕನ್ ರಾಯಭಾರ ಕಚೇರಿಯಲ್ಲಿದ್ದ ಹುದ್ದೆ ಕಳೆದುಕೊಂಡರು. 2002ರಲ್ಲಿ ಬೋಸ್ಟನ್ನಿನ ಪತ್ರಿಕೆಯೊಂದು ಎಲ್ಲವನ್ನೂ ಹೊರಗೆಳೆಯಿತು. 2004ರಲ್ಲಿ ಬಿಷಪ್ಪರೇ ಮಾಡಿಸಿದ ಅಧ್ಯಯನದ ಪ್ರಕಾರ 1950ರಿಂದ 2002ರವರೆಗೆ ಅಮೆರಿಕದಲ್ಲಿ 4,392 ಗುರುಗಳ ಮೇಲೆ ಆರೋಪವಿತ್ತು. ದೂರಿದವರ ಸಂಖ್ಯೆ 10,667. 1985ರ ಮಾತಿಗೆ ಕಿವಿಗೊಟ್ಟಿದ್ದರೆ ಆ ಸಂಖ್ಯೆಯಲ್ಲಿ ಎಷ್ಟು ಮಕ್ಕಳು ಕಡಿಮೆಯಾಗುತ್ತಿದ್ದರು ಎಂಬ ಪ್ರಶ್ನೆಯನ್ನು ನೀವು ಒಬ್ಬೊಬ್ಬರೇ ಕುಳಿತು ಕೇಳಿಕೊಳ್ಳಬೇಕು. ಇದು ಕಥೋಲಿಕರ ರೋಗ ಮಾತ್ರವಲ್ಲ. 2024ರ ನವೆಂಬರ್‌ನಲ್ಲಿ ಕ್ಯಾಂಟರ್ಬರಿಯ ಮಹಾಧರ್ಮಾಧ್ಯಕ್ಷರು ರಾಜೀನಾಮೆ ಕೊಡಬೇಕಾಗಿ ಬಂದದ್ದೂ ಇಂಥದೇ ಪ್ರಕರಣದ ಮುಚ್ಚುವಿಕೆಯ ಹಿನ್ನೆಲೆಯಲ್ಲಿ.

ಇದು ಹೇಗೆ ನಡೆಯುತ್ತದೆ ಎಂಬುದು ಸಾಮಾನ್ಯ ವಿಶ್ವಾಸಿಗಳಿಗೆ ಚೆನ್ನಾಗಿ ಗೊತ್ತು, ನಾವು ಕಣ್ಣಾರೆ ಕಂಡಿದ್ದೇವೆ. ಬಹಿಷ್ಕಾರದ ಕಾಲ ಹೋಯಿತು. ಈಗ ವರ್ಗಾವಣೆ ಸಾಕು. ಪ್ರಶ್ನೆ ಕೇಳಿದ ಗುರುವಿಗೆ ದೂರದ ಊರು, ಅಧ್ಯಾಪಕಿಗೆ ನವೀಕರಣವಾಗದ ನೇಮಕಾತಿ, ಸನ್ಯಾಸಿನಿಗೆ ‘ವಿಶ್ರಾಂತಿ’. ಪಾಸ್ಟರ್ ಇರುವ ಮನೆ ಸಭೆಯದು, ಮಕ್ಕಳ ಶಾಲೆ ಸಭೆಯದು, ಪಿಂಚಣಿ ಸಭೆಯ ಕೈಯಲ್ಲಿ. ಬೇರೆ ಕಸುಬು ಕಲಿಯುವ ವಯಸ್ಸೂ ದಾಟಿರುತ್ತದೆ. ಹೊಸದಾಗಿ ಹುಟ್ಟಿಕೊಂಡ ಸ್ವತಂತ್ರ ಸಭೆಗಳಲ್ಲಿ ಸ್ಥಾಪಕರೇ ಎಲ್ಲ, ಮೇಲ್ಮನವಿಗೆ ಸಿನೋಡ್ ಕೂಡ ಇಲ್ಲ. ಮುಂದೆ ಒಂದು ದಿನ ಸಭೆಯ ನಿಲುವು ಬದಲಾದಾಗ ‘ಸಭೆ ಎಂದಿನಿಂದಲೂ ಬೋಧಿಸಿರುವಂತೆ’ ಎಂಬ ವಾಕ್ಯದೊಂದಿಗೆ ಹೊಸ ದಾಖಲೆ ಶುರುವಾಗುತ್ತದೆ. ಸಭೆಯ ಪತ್ರಗಳಲ್ಲಿ ನನ್ನನ್ನು ಅತ್ಯಂತ ಕೆರಳಿಸುವ ವಾಕ್ಯ ಅದು. ಎಂದಿನಿಂದಲೂ ಬೋಧಿಸಿದ್ದರೆ ಬೋಧಿಸಿದವನಿಗೆ ಶಿಕ್ಷೆ ಏಕಾಯಿತು?

ನನ್ನ ಬೇಡಿಕೆಗಳಿಗೆ ಬರುತ್ತೇನೆ. ಯಾವ ಸಿದ್ಧಾಂತವನ್ನೂ ಬದಲಿಸಿ ಎಂದು ನಾನು ಕೇಳುತ್ತಿಲ್ಲ. ಮಹಿಳೆಯರ ಗುರುಪಟ್ಟ, ಗರ್ಭನಿರೋಧ, ಸಲಿಂಗಿಗಳ ಸ್ಥಾನ, ಕೃತಕ ಬುದ್ಧಿಮತ್ತೆ ಈ ವಿಷಯಗಳಲ್ಲಿ ನಿಮ್ಮ ನಿಮ್ಮ ಸಭೆಗಳು ಬೇರೆ ಬೇರೆ ಅಭಿಪ್ರಾಯ ಹೊಂದಿವೆ, ವಿಶ್ವಾಸಿಗಳೂ ಹೊಂದಿದ್ದಾರೆ. ಆ ಚರ್ಚೆ ನಡೆಯಲಿ, ನಿಮಗೆ ತಪ್ಪೆನಿಸಿದ್ದನ್ನು ತಪ್ಪೆಂದು ಜೋರಾಗಿಯೇ ಹೇಳಿ. ಆದರೆ ಯಾರ ವಿರುದ್ಧ ದೂರು ಬಂದರೂ ದೂರಿನ ಪೂರ್ತಿ ಪಾಠ ಅವರ ಕೈಗೆ ಸಿಗಬೇಕು, ದೂರಿದವರು ಯಾರೆಂದು ಗೊತ್ತಿರಬೇಕು, ಉತ್ತರ ಕೊಡಲು ಕಾಲಾವಕಾಶವಿರಬೇಕು, ಆ ಉತ್ತರ ತೀರ್ಪಿನ ಜೊತೆಯಲ್ಲೇ ಪ್ರಕಟವಾಗಬೇಕು. ಹೆಸರಿಲ್ಲದ ಪತ್ರಗಳ ಆಧಾರದ ಮೇಲೆ ಅಭಿಪ್ರಾಯಭೇದದ ವಿಚಾರಣೆ ನಡೆಯುವುದು ನಿಲ್ಲಬೇಕು. ದೌರ್ಜನ್ಯದ ದೂರು ಇದಕ್ಕಿಂತ ಬೇರೆ: ಅಲ್ಲಿ ದೂರುದಾರರ ಗುರುತು ಕಾಯಲೇಬೇಕು, ವಿಚಾರಣೆ ಸಭೆಯ ಹೊರಗಿನವರ ಕೈಯಲ್ಲಿರಬೇಕು, ಪೊಲೀಸರಿಗೆ ಮೊದಲು ತಿಳಿಯಬೇಕು. ಈ ಎರಡನ್ನೂ ಬೇಕೆಂದೇ ಬೆರೆಸಿ ಗೊಂದಲ ಮಾಡುವವರನ್ನು ನಾನು ನೋಡಿದ್ದೇನೆ.

ಹೊಟ್ಟೆಪಾಡಿನ ವಿಷಯ ಇನ್ನೂ ಮುಖ್ಯ. ಅಭಿಪ್ರಾಯದ ಕಾರಣಕ್ಕೆ ಸೇವೆಯಿಂದ ತೆಗೆದ ಗುರುವಿಗೆ, ಪಾಸ್ಟರ್‌ಗೆ, ಸನ್ಯಾಸಿನಿಗೆ ಮನೆ, ಔಷಧ, ಪಿಂಚಣಿ ತಪ್ಪಬಾರದು. ದುಡಿದ ವರ್ಷಗಳು ಅವರವು. ಇದಕ್ಕೆ ದೈವಶಾಸ್ತ್ರದ ಚರ್ಚೆಯೇ ಬೇಡ, ಒಂದು ಆಡಳಿತಾತ್ಮಕ ಆದೇಶ ಸಾಕು.

ನಿಲುವು ಬದಲಾದಾಗ ಅದೇ ದಾಖಲೆಯಲ್ಲಿ, ಆ ಮಾತನ್ನು ಮೊದಲು ಆಡಿ ಶಿಕ್ಷೆ ಅನುಭವಿಸಿದವರ ಹೆಸರಿರಬೇಕು, ಶಿಕ್ಷೆಯನ್ನು ಹಿಂಪಡೆದ ವಾಕ್ಯವಿರಬೇಕು. ಅಡಿಟಿಪ್ಪಣಿಯಲ್ಲಿ ಬೇಡ, ಮೈಪಾಠದಲ್ಲಿ. ಅವರು ಬದುಕಿದ್ದರೆ ಎದುರಿಗೆ ಹೋಗಿ ಹೇಳಿ. ನಿಮ್ಮ ಸೆಮಿನರಿಗಳಲ್ಲಿ ಮಹಾಸಭೆಗಳ ಇತಿಹಾಸ ಓದಿಸುವಾಗ ಕೊಂಗಾರ್ ಏನು ಬರೆದರು ಎಂಬುದರ ಜೊತೆಗೆ ಅವರನ್ನು ಎಲ್ಲಿಗೆ ಕಳುಹಿಸಲಾಯಿತು ಎಂಬುದನ್ನೂ ಓದಿಸಿ. ನಾಳೆ ಆ ವಿದ್ಯಾರ್ಥಿಗಳೇ ನಿಮ್ಮ ಕುರ್ಚಿಗಳಲ್ಲಿ ಕೂರುವವರು.

ಯೇಸುವಿನ ಶಿಷ್ಯರಾದ ಅಪೊಸ್ತಲರನ್ನು ಕೊಲ್ಲಬೇಕೆಂದಿದ್ದ ಯೆಹೂದಿ ಹಿರಿಯರ ಕೂಟದಲ್ಲಿ ಗಮಲಿಯೇಲ ಎಂಬ ಪಂಡಿತ ಎದ್ದು ಹೇಳಿದ, ಬೈಬಲಿನಲ್ಲಿರುವ ಮಾತು ನಿಮಗೆ ಬಾಯಿಪಾಠ: ಇವರ ಗೊಡವೆ ಬೇಡ, ಈ ಕೆಲಸ ಮನುಷ್ಯರದಾದರೆ ತಾನಾಗಿ ಅಳಿಯುತ್ತದೆ, ದೇವರದಾದರೆ ನಿಮ್ಮಿಂದ ಅಳಿಸಲಾಗದು. ಕೂಟ ಅವನ ಸಲಹೆಯನ್ನು ಒಪ್ಪಿತು, ಒಪ್ಪಿದ ಮೇಲೂ ಅಪೊಸ್ತಲರನ್ನು ಹೊಡೆಸಿಯೇ ಬಿಟ್ಟುಕಳುಹಿಸಿತು ಎಂದು ಮುಂದಿನ ಸಾಲಿನಲ್ಲೇ ಇದೆ. ಆ ಸಾಲನ್ನು ಪ್ರಸಂಗದಲ್ಲಿ ಓದುವವರು ಕಡಿಮೆ.

ಈ ಪತ್ರಕ್ಕೆ ನನಗೆ ವೈಯಕ್ತಿಕ ಉತ್ತರ ಬೇಡ. ನಿಮ್ಮ ಸಭೆಯಲ್ಲಿ ಅಭಿಪ್ರಾಯದ ಕಾರಣಕ್ಕಾಗಿ ಬೋಧಿಸದಂತೆ, ಬರೆಯದಂತೆ, ಸೇವೆ ಮಾಡದಂತೆ ಈ ಹೊತ್ತಿಗೆ ತಡೆಯಲ್ಪಟ್ಟಿರುವವರು ಎಷ್ಟು ಮಂದಿ, ಎಷ್ಟು ವರ್ಷಗಳಿಂದ, ಯಾರ ಆಜ್ಞೆಯಿಂದ ಎಂಬ ವಿವರವನ್ನು ಮುಂದಿನ ವಾರ್ಷಿಕ ವರದಿಯಲ್ಲಿ, ಆಯವ್ಯಯದ ಪುಟಗಳ ಜೊತೆಗೆ, ಪ್ರಕಟಿಸಿ. ಒಬ್ಬರೂ ಇಲ್ಲದಿದ್ದರೆ ಇಲ್ಲವೆಂದೇ ಬರೆಯಿರಿ. ನಿಮ್ಮ ಗುರುಗಳೂ ಸನ್ಯಾಸಿನಿಯರೂ ಅದನ್ನು ಓದುತ್ತಾರೆ, ನಿಜವೋ ಅಲ್ಲವೋ ಎಂಬುದು ಅವರಿಗೆ ಗೊತ್ತಿರುತ್ತದೆ.

ಗೌರವಪೂರ್ವಕವಾಗಿ,
ಸಭೆಯ ಒಬ್ಬ ಸಾಮಾನ್ಯ ವಿಶ್ವಾಸಿ